ಎರಡು ರಸ್ತೆಯ ಮೂಲೆ ಸೈಟು

ಊಟಕ್ಕೆ ಕೂರುವ ಮೊದಲು ಪಡುವಣ ಗೋಡೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟುವ ಅಭ್ಯಾಸ ನನಗಿದೆ. ಮೊನ್ನೆ ಗಾವಡಗೆರೆ ಕಡೆಯಿಂದ ಎತ್ತು ನೋಡಲು ಬಂದಿದ್ದ ಗಿರಾಕಿಯೊಬ್ಬರು ನನ್ನ ಜೊತೆ ಎಲೆಯ ಮುಂದೆ ಕೂತವರು ಇದನ್ನು ಕಂಡು, "ಇದೇನ್ ಸ್ವಾಮಿ, ಗೋಡೆಗೂ ಎಡೆ ಇಡ್ತೀರಾ?" ಎಂದು ಕೇಳಿದರು. "ಗಟ್ಟಿ ಅದೆಯೋ ಇಲ್ವೋ ನೋಡ್ತೀನಿ" ಎಂದೆ. ಅಷ್ಟರಲ್ಲಿ ಗೋಡೆಯಾಚೆ ಸರ್ಕಾರದ ದೊಡ್ಡಿಯಲ್ಲಿ ಕೂಡಿಹಾಕಿದ್ದ ಯಾರದೋ ತುಡುಗು ಹಸು "ಅಂಬಾ" ಎಂದಿತು. ಗಿರಾಕಿಗೆ ನೆತ್ತಿಗೆ ಹತ್ತುವಷ್ಟು ನಗು. ಅವರು ನಕ್ಕಿದ್ದರಿಂದ ಎತ್ತಿನ ವ್ಯಾಪಾರ ಸಲೀಸಾಯಿತು. ನಗುವವನ ಜೊತೆ ಚೌಕಾಸಿ ಸುಲಭ, ಇದನ್ನು ನೀವೂ ನೆನಪಿಟ್ಟುಕೊಳ್ಳಿ.

ನೀವು ನನ್ನಿಂದ ಎತ್ತು ಕೊಳ್ಳಲು ಬಂದವರಲ್ಲವಾದ್ದರಿಂದ ನಿಮಗೆ ಇದ್ದದ್ದನ್ನು ಹೇಳಬಹುದು. ನಾನು ಕುಟ್ಟುವುದು ಈ ಗೋಡೆಯನ್ನಲ್ಲ. ಕೈಗೆ ಮಾತ್ರ ಅದು ಇನ್ನೂ ತಿಳಿದಿಲ್ಲ.

ನಮ್ಮ ಹಳೆಯ ಊರು ಹೊಳೆಯ ದಡದಲ್ಲಿತ್ತು. ಅದನ್ನು ಯಾರೂ ಕೂತು ಯೋಚಿಸಿ ಕಟ್ಟಿದ್ದಲ್ಲ. ಒಬ್ಬ ಮನೆ ಕಟ್ಟಿದ. ಅವನ ಗೋಡೆಗೆ ಒರಗಿಸಿ ಇನ್ನೊಬ್ಬ ಕಟ್ಟಿದ. ಅವನ ಮಗ ಅಪ್ಪನ ಮೇಲೆ ಮುನಿಸಿಕೊಂಡು ಬಾಗಿಲನ್ನು ಬೇರೆ ದಿಕ್ಕಿಗೆ ತಿರುಗಿಸಿಕೊಂಡ. ಹಾಗೆ ಬೆಳೆದ ಊರು. ಓಣಿಗಳು ಹೆಂಡ ಕುಡಿದವನು ನಡೆದ ದಾರಿಯಂತಿದ್ದವು. ಎದುರಿನಿಂದ ಹುಲ್ಲಿನ ಹೊರೆ ಬಂದರೆ ಪಕ್ಕದ ಜಗಲಿ ಹತ್ತಿ ನಿಲ್ಲಬೇಕು. ಹತ್ತಿದ ಮೇಲೆ ಸುಮ್ಮನೆ ಇಳಿಯುವುದು ಮರ್ಯಾದೆಯಲ್ಲ, ಎರಡು ಮಾತಾಡಬೇಕು. ಮಾತಾಡಿದ ಮೇಲೆ ಎಲೆ ಅಡಿಕೆ ಹಾಕಬೇಕು. ಕೂಗಳತೆ ದೂರದ ಹೊಳೆಗೆ ಹೋಗಿ ಬರುವುದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆಗ ಇದು ನನಗೆ ದಂಡದ ಕೆಲಸವೆನ್ನಿಸುತ್ತಿತ್ತು.

ನನ್ನ ಮನೆಗೂ ಮಾದಪ್ಪನ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆ ಗೋಡೆಯಲ್ಲಿ, ಒಲೆಯ ಬಳಿ, ಎದೆಯ ಎತ್ತರಕ್ಕೆ, ಒಂದು ಬಟ್ಟಲು ಹಿಡಿಸುವಷ್ಟು ಕಿಂಡಿ ಇತ್ತು. ಅಜ್ಜಂದಿರ ಕಾಲದ್ದು. ಬೆಳಗಾದರೆ ಯಾರ ಮನೆಯ ಒಲೆ ಮೊದಲು ಹತ್ತುತ್ತದೋ ಅವರು ಇನ್ನೊಬ್ಬರಿಗೆ ಕಿಂಡಿಯಲ್ಲಿ ಕೆಂಡ ಕೊಡಬೇಕು. ಇದು ಸ್ನೇಹಕ್ಕೆ ಮಾಡುವ ಉಪಕಾರವಲ್ಲ, ಗೋಡೆಯ ಕಟ್ಟಳೆ. ಮನೆಯವರೊಳಗೆ ಮಾತು ಬಿಟ್ಟಿದ್ದರೂ ಕೆಂಡ ಬಿಡುವ ಹಾಗಿಲ್ಲ. ಒಂದು ಸಲ ಸೋರುವ ಮಾಡಿನ ವಿಷಯಕ್ಕೆ ನಮ್ಮಪ್ಪನಿಗೂ ಮಾದಪ್ಪನ ಅಪ್ಪನಿಗೂ ಮೂರು ತಿಂಗಳು ಮಾತಿರಲಿಲ್ಲವಂತೆ. ಆ ಮೂರು ತಿಂಗಳೂ ಕೆಂಡ ಮಾತ್ರ ತಪ್ಪದೆ ಬಂತು, ಹೋಯಿತು.

ಮಾದಪ್ಪನೂ ನಾನೂ ಓರಗೆಯವರು. ಚಿಕ್ಕಂದಿನಲ್ಲಿ ಆ ಕಿಂಡಿಯ ಆಚೆ ಈಚೆ ನಿಂತು ನಾವು ಸರಕು ಬದಲಾಯಿಸಿಕೊಳ್ಳುತ್ತಿದ್ದೆವು. ನಿಯಮವೇನೆಂದರೆ, ಕೈಯಲ್ಲಿರುವುದನ್ನು ತೋರಿಸಬಾರದು, ಬಾಯಲ್ಲೇ ಹೇಳಬೇಕು. "ನನ್ ತಾವ ಒಂದು ಬುಗುರಿ ಅದೆ ಕಣ್ಲಾ, ಮೈಸೂರಿಂದ ಬಂದದ್ದು" ಎಂದು ನಾನು ಹೇಳುವುದು. ಅವನು ನಂಬಿ ಬೆಲ್ಲದ ಉಂಡೆ ತೂರಿಸುವುದು. ಇತ್ತ ಕಡೆಯಿಂದ ಮೊಳೆಯಿಲ್ಲದ ಬುಗುರಿ ಹೋಗುವುದು. ಅವನು ಮಾರನೆಯ ದಿನವೂ ನಂಬುತ್ತಿದ್ದ. ಕಾಣದ ಸರಕನ್ನು ಮಾತಿನಲ್ಲೇ ಮಾರುವುದನ್ನು ನಾನು ಕಲಿತದ್ದು ಅಲ್ಲಿ. ಒಮ್ಮೆ ಮಾತ್ರ ಅವನು ಸೇಡು ತೀರಿಸಿಕೊಂಡ. ನಾನು ಬೆಲ್ಲಕ್ಕೆಂದು ಕೈ ತೂರಿಸಿದಾಗ ಆ ಕಡೆಯಿಂದ ಕರುವಿನ ಹಗ್ಗದಲ್ಲಿ ಮಣಿಕಟ್ಟನ್ನು ಬಿಗಿದು ಒನಕೆಗೆ ಕಟ್ಟಿ ಹೊಳೆಗೆ ಈಜಲು ಹೋದ. ನಾನು ಮಧ್ಯಾಹ್ನದವರೆಗೆ ಗೋಡೆಯನ್ನು ತಬ್ಬಿಕೊಂಡು ನಿಂತಿದ್ದೆ.

ಮುಂದೆ ನಮ್ಮಿಬ್ಬರಿಗೂ ಒಂದೇ ವರ್ಷ ಮದುವೆಯಾಯಿತು. ನನ್ನ ಹೆಂಡತಿ ಸಿದ್ದಮ್ಮ, ಅವನ ಹೆಂಡತಿ ನಂಜಮ್ಮ. ಕಿಂಡಿ ನಮ್ಮಿಂದ ಅವರ ವಶಕ್ಕೆ ಹೋಯಿತು. ಸಾರು, ಮಜ್ಜಿಗೆ, ಕೊತ್ತಂಬರಿ ಸೊಪ್ಪು, ಅತ್ತೆಯರ ಮೇಲಿನ ದೂರು, ಎಲ್ಲವೂ ಅದರಲ್ಲೇ. ನಮಗೆ ಮಕ್ಕಳಾಗಲಿಲ್ಲ. ನಂಜಮ್ಮನಿಗೆ ಐದು. ಆ ಐದೂ ಗೋಡೆಯ ಯಾವ ಪಕ್ಕದಲ್ಲಿ ಉಣ್ಣುತ್ತಿವೆ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ನಾನು ಊಟಕ್ಕೆ ಕೂತು ಎರಡು ಸಲ ಗೋಡೆ ಕುಟ್ಟಿದರೆ "ನಿಮ್ಮಲ್ಲಿ ಇವತ್ತೇನು?" ಎಂದು ಕೇಳಿದ ಹಾಗೆ. ಬಟ್ಟಲು ತಾನಾಗಿ ಬರುತ್ತಿತ್ತು.

ನನ್ನಪ್ಪ ಬಿಟ್ಟುಹೋದ ಆಸ್ತಿ ಆ ಅರ್ಧ ಗೋಡೆ ಮತ್ತು ಒಂದು ಕುಂಟು ಹೋರಿ. ಆ ಹೋರಿಯನ್ನು ರಾವಂದೂರಿನಲ್ಲಿ ಒಂದು ಹಾಲು ಹಸುವಿಗೆ ಬದಲಾಯಿಸಿದೆ. ಹಸುವನ್ನು ಪಿರಿಯಾಪಟ್ಟಣದಲ್ಲಿ ಎರಡು ಕರುಗಳಿಗೆ. ಕರುಗಳನ್ನು ಸಾಕಿ ಕೊಪ್ಪದ ಸಂತೆಯಲ್ಲಿ ಕೊಡಗಿನವರಿಗೆ. ಹೀಗೆ ಕಾಲಿನ ಮೇಲೆ ನಿಂತವನು ನಾನು. ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೈಗಳ ಮೇಲೆ ಹೆಗಲ ವಲ್ಲಿ ಹೊದಿಸಿಕೊಂಡು ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಿ ಮಾತು ಮುಗಿಸುತ್ತೇವೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಎತ್ತು ಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು: ಹಲ್ಲು, ಸುಳಿ, ಗೊರಸು ಎಲ್ಲರೂ ನೋಡುತ್ತಾರೆ. ನೀವು ಅದು ಯಾವ ಎತ್ತಿನ ಜೊತೆ ನೊಗ ಹೊತ್ತಿತ್ತು ಎಂದು ವಿಚಾರಿಸಿ. ಜೋಡಿ ಬದಲಾದರೆ ಒಳ್ಳೆಯ ಎತ್ತೂ ಮಲಗಿಬಿಡುತ್ತದೆ. ಈ ಮಾತನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಬಿಟ್ಟಿಯಾಗಿ.

ಹೊಳೆ ಊರೊಳಗೆ ಬಂದದ್ದು ಒಂದು ಆಷಾಢದಲ್ಲಿ. ನೀರು ಹಗಲು ಹೊತ್ತಿನಲ್ಲಿ, ನೆಂಟರಂತೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದದ್ದರಿಂದ ಯಾರೂ ಸಾಯಲಿಲ್ಲ. ದನಕರು, ಪಾತ್ರೆ ಪಡಗ ಹೊತ್ತು ದಿಣ್ಣೆಗೆ ಹೋಗಿ ಕೂತು, ನಮ್ಮ ಮನೆಗಳು ಕರಗುವುದನ್ನು ನೋಡಿದೆವು. ಮಣ್ಣಿನ ಗೋಡೆ ಬೀಳುವುದಿಲ್ಲ, ಕುಳಿತುಕೊಳ್ಳುತ್ತದೆ. ನಮ್ಮ ಜಂಟಿ ಗೋಡೆ ಕುಳಿತಾಗ ಮಾದಪ್ಪ, "ಇನ್ನು ನಿನ್ ಮೊಳೆ ಇಲ್ಲದ ಬುಗುರಿ ಯಾವ ಕಡೀಂದ ಬತ್ತದೆ ನೋಡಾನ" ಎಂದ. ಇಬ್ಬರೂ ನಕ್ಕೆವು.

ಸರ್ಕಾರದವರು ಅದೇ ದಿಣ್ಣೆಯ ಮೇಲೆ ಹೊಸ ಊರು ಕಟ್ಟಿಕೊಳ್ಳಿ ಎಂದರು. ತಲೆಗೆ ದಪ್ಪ ಟೋಪಿ, ಕೈಯಲ್ಲಿ ನಕ್ಷೆ, ಹಿಂದೆ ಸರಪಣಿ ಹಿಡಿದ ಇಬ್ಬರು, ಹೀಗೆ ಒಬ್ಬ ಓವರ್‌ಸೀಯರ್ ಬಂದರು. ಸುಣ್ಣದ ಪುಡಿ ಹಾಕಿ ನೇರ ಗೆರೆ ಎಳೆಸಿದರು. ಹುಲ್ಲಿನ ಹೊರೆ ಹೊತ್ತ ಇಬ್ಬರು ಮೈ ತಾಗದೆ ಎದುರುಬದುರು ಹೋಗುವಷ್ಟು ಅಗಲದ ಬೀದಿಗಳು. 'ಸೈಟು' ಎಂಬ ಮಾತನ್ನು ನಾವು ಮೊದಲು ಕೇಳಿದ್ದು ಅವರ ಬಾಯಲ್ಲಿ. ಒಳ್ಳೆಯ ಮನುಷ್ಯ. "ಗೆರೆ ನಂದು, ಊರು ನಿಮ್ದು. ಯಾರಿಗೆ ಎಲ್ಲಿ, ಯಾವ ಜಾಗ ಯಾತಕ್ಕೆ, ನೀವೇ ಕೂತು ತೀರ್ಮಾನ ಮಾಡಿ ಬರ್ಕೊಡಿ" ಎಂದು ಹೇಳಿ ಛತ್ರಿಯ ನೆರಳಲ್ಲಿ ಕೂತರು.

ಕೂತೆವು. ನಾಲ್ಕು ದಿನ. ಊರು ಕಟ್ಟುವುದೆಂದರೆ ಮನೆ ಕಟ್ಟುವುದಲ್ಲ, ತಿಪ್ಪೆಗೆ ಜಾಗ ಹುಡುಕುವುದು ಎಂದು ಅಲ್ಲಿ ನನಗೆ ಗೊತ್ತಾಯಿತು. ಎಲ್ಲರಿಗೂ ಗೊಬ್ಬರ ಬೇಕು, ಯಾರಿಗೂ ಪಕ್ಕದವನ ತಿಪ್ಪೆ ಬೇಡ. ತೆಂಕಣ ದಿಕ್ಕಿಗೆ ಬಾಗಿಲು ಬೇಡವೆಂದು ಒಂದು ಬೀದಿಯವರೆಲ್ಲ ಎದ್ದು ಹೋದರು. ಹೆಂಗಸರು ಸೇರಿಕೊಂಡು ಬಂದು, ಬಾವಿಯ ಹಾದಿ ಪಟೇಲರ ಜಗಲಿಯ ಮುಂದೆ ಹಾಯಬಾರದು, ಅಲ್ಲಿ ಕೂತ ಗಂಡಸರು ಕೊಡ ಎಣಿಸುತ್ತಾರೆ ಎಂದರು. ಪಟೇಲರು ಮುಖ ಸಣ್ಣಗೆ ಮಾಡಿಕೊಂಡರೂ ಒಪ್ಪಿದರು. ಹೊರಗೇರಿಯವರು ದೂರದಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು. ಅವರ ಕೇರಿ ಎಲ್ಲಿರಬೇಕೆಂದು ನಾವು ನಾವೇ ತೀರ್ಮಾನಿಸಿದೆವು. ಅವರನ್ನು ಯಾರೂ ಕೇಳಲಿಲ್ಲ. ಇಷ್ಟು ಬುದ್ಧಿ ಹೇಳುವ ನಾನೂ ಕೇಳಲಿಲ್ಲ.

ಆ ನಾಲ್ಕು ದಿನ ನಾನು ನೆಲದ ಮೇಲಿರಲಿಲ್ಲ. ಸಂತೆಗಳಲ್ಲಿ ಪಳಗಿದ ನಾಲಗೆ. ಯಾವ ಜಗಳ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲಿಸಬೇಕು ಎಂಬುದೆಲ್ಲ ಕೈಯಳತೆಗೆ ಗೊತ್ತು. "ಬಸಣ್ಣ ಏನಂತಾನೆ ಕೇಳಿ" ಎಂಬ ಮಾತು ಗುಂಪಿನಿಂದ ಬಂದರೆ ವಲ್ಲಿ ಕೊಡವಿಕೊಂಡು ಏಳುತ್ತಿದ್ದೆ. ನಕ್ಷೆಯ ನಟ್ಟನಡುವೆ ಎಂಟು ಸೈಟಿನಷ್ಟು ಜಾಗವನ್ನು ಗೆರೆ ಎಳೆಯದೆ ಬಯಲು ಬಿಡಿಸಿದವನು ನಾನೇ. ರಾಗಿ ಒಣಹಾಕಲು, ಮದುವೆಯ ಚಪ್ಪರಕ್ಕೆ, ದನ ನಿಲ್ಲಲು, ಮಕ್ಕಳು ಆಡಲು, ಸುಮ್ಮನೆ ಕೂರಲು. "ಇವತ್ತು ಬುಟ್ಟೀವಿ, ನಾಳೆ ಯಾರೋ ಬಂದು ಒಂದು ಗಾಡಿ ಅಗಲ ಕೊಡಿ ಅಂತಾನೆ. ಅವನು ಒಳ್ಳೇವನೇ ಇರ್ತಾನೆ, ಅವನ ಕಷ್ಟ ನಿಜವೇ ಇರ್ತದೆ. ಆದ್ರೂ ಕೊಡ್ಬೇಡಿ. ನಮ್ಮಪ್ಪ ಗುಣಿಯಿಂದ ಎದ್ದು ಬಂದು ಕೇಳಿದ್ರೂ ಕೊಡ್ಬೇಡಿ. ಒಬ್ಬನಿಗೆ ಕೊಟ್ರೆ ಬಯಲು ಓಯ್ತು ಅನ್ಕೊಳಿ" ಎಂದು ಭಾಷಣ ಮಾಡಿದೆ. ಶಾನುಭೋಗರು ಅದನ್ನು ಮಹಜರಿನಲ್ಲಿ ಬರೆದರು. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಓವರ್‌ಸೀಯರ್ ನನ್ನನ್ನು ಛತ್ರಿಯ ನೆರಳಿಗೆ ಕರೆದು, "ನೀವು ಓದಿದ್ರೆ ಇಂಜಿನಿಯರಾಗ್ತಿದ್ರಿ" ಎಂದರು. ಅದು ಇನ್ನೂ ನನ್ನ ಕಿವಿಯಲ್ಲಿದೆ.

ಸೈಟು ಹಂಚಿದ್ದು ಹೀಗೆ. ಓದು ಬರದವರೇ ಹೆಚ್ಚಾದ್ದರಿಂದ ಚೀಟಿ ಬೇಡವೆಂದಾಯಿತು. ಪ್ರತಿ ಮನೆಯವರೂ ಹೊಳೆಯಿಂದ ಉಳಿಸಿಕೊಂಡ ಒಂದು ಸಣ್ಣ ವಸ್ತುವನ್ನು ದೊಡ್ಡ ಗುಡಾಣಕ್ಕೆ ಹಾಕಬೇಕು. ನಾನು ಎತ್ತಿನ ಗೆಜ್ಜೆ ಹಾಕಿದೆ. ಮಾದಪ್ಪ ಬಾಗಿಲ ಅಗುಳಿ. ಗಾಣದ ಮಲ್ಲಪ್ಪ ಎಣ್ಣೆ ಅಳೆಯುವ ಸೌಟು. ಓವರ್‌ಸೀಯರ್ ನಕ್ಷೆಯ ಮೇಲೆ ಒಂದು ಸೈಟು ತೋರಿಸಿದಾಗ ಊರಿನ ಹಿರಿಯಜ್ಜಿ ಕಣ್ಣು ಮುಚ್ಚಿ ಒಂದು ವಸ್ತು ತೆಗೆಯುವುದು. ಅದು ಯಾರದೋ ಅವರಿಗೆ ಆ ಸೈಟು. ಹೊರಡುವ ಮೊದಲು ಸಿದ್ದಮ್ಮ ನನ್ನನ್ನು ತಡೆದು ಹೇಳಿದ್ದಳು: "ಎಲ್ಲಾದ್ರೂ ಸಿಕ್ಲಿ, ನಂಜಮ್ಮನ ಪಕ್ಕ ಸಿಕ್ರೆ ಸಾಕು ನಂಗೆ."

ಅಜ್ಜಿಯ ಕೈಗೆ ಮಾದಪ್ಪನ ಅಗುಳಿ ಬಂದದ್ದು ಬಯಲಿಗೆ ಅಂಟಿಕೊಂಡ ಸೈಟಿಗೆ. ಅದರ ಪಕ್ಕದ ಸೈಟು ತೋರಿಸಿದಾಗ ಗುಡಾಣದೊಳಗೆ ಗೆಜ್ಜೆ ಸದ್ದಾಯಿತು. ನಂಜಮ್ಮ ಹೆಂಗಸರ ಗುಂಪಿನಿಂದ ಎದ್ದು ಬಂದು ಸಿದ್ದಮ್ಮನ ಎರಡೂ ಕೆನ್ನೆ ಸವರಿ ನೆಟಿಗೆ ತೆಗೆದಳು.

ಇಲ್ಲಿಗೆ ನಿಲ್ಲಿಸಿದ್ದರೆ ಇದನ್ನು ನಿಮಗೆ ಹೇಳುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಬಂದ ಸೈಟು ಒಗ್ಗದವರು ತಮ್ಮ ತಮ್ಮಲ್ಲೇ ಬದಲಾಯಿಸಿಕೊಳ್ಳಲು ಮೂರು ದಿನ ಎಂದು ಓವರ್‌ಸೀಯರ್ ಹೇಳಿಬಿಟ್ಟರು. ನನ್ನಂಥವನಿಗೆ ಬದಲಾಯಿಸಬಹುದು ಎಂದು ಹೇಳಬಾರದು. ಮೊದಲ ದಿನ ನಾನು ಸುಮ್ಮನೆ ಸುತ್ತಾಡಿದೆ. ಗಾಣದ ಮಲ್ಲಪ್ಪನಿಗೆ ಬಂದಿದ್ದ ಸೈಟು ನನ್ನದಕ್ಕಿಂತ ಎರಡು ಮಾರು ಉದ್ದವಿತ್ತು; ಅವನಿಗೋ ಗಾಣ ಊರ ನಡುವಿರಬೇಕೆಂಬ ಆಸೆ. ವಲ್ಲಿಯ ಕೆಳಗೆ ಕೈ ಹೋಯಿತು, ಬಂತು. ಹಾಗೆ ಬಂದ ಉದ್ದದ ಸೈಟನ್ನು ಇನ್ನೊಬ್ಬನಿಗೆ ಕೊಟ್ಟು ಬಾವಿಯ ಹತ್ತಿರದ್ದು ತೆಗೆದುಕೊಂಡೆ. ಮೂರನೆಯ ದಿನ ಇಳಿಹೊತ್ತಿಗೆ ಅದನ್ನೂ, ಜೊತೆಗೆ ಒಂದು ಕಡಸನ್ನೂ ಕೊಟ್ಟು, ಊರ ತುದಿಯಲ್ಲಿ ಹುಣಸೂರಿನ ರಸ್ತೆಯೂ ಹೊಸ ಬೀದಿಯೂ ಕೂಡುವ ಮೂಲೆಯ ಸೈಟನ್ನು ಹಿಡಿದೆ. ಎರಡು ಕಡೆ ರಸ್ತೆ, ಎತ್ತು ಕಟ್ಟಲು ವಿಶಾಲ, ಹೋಗುವ ಬರುವ ಗಿರಾಕಿಯೆಲ್ಲ ಕಣ್ಣೆದುರು. ಊರಿಗೆ ಊರೇ, "ಬಸಣ್ಣ ಹೊಡೆದ ನೋಡು" ಎಂದಿತು.

ಸಿದ್ದಮ್ಮ ಎರಡೇ ಮಾತು ಕೇಳಿದಳು. "ಎಷ್ಟು ದೂರ ಆಯ್ತದೆ?"

"ದೂರ ಏನ್ ಬಂತು, ನೆಟ್ಟಗಿನ ಬೀದಿ. ಇಲ್ಲಿ ನಿಂತ್ರೆ ಅವರ ಬಾಗ್ಲು ಕಾಣ್ತದೆ."

"ಕಂಡ್ರೆ ಆಯ್ತಾ?"

ನಾನು ಅವಳಿಗೆ ಮೂಲೆ ಸೈಟಿನ ಲಾಭಗಳನ್ನು ಒಂದೊಂದಾಗಿ ವಿವರಿಸಿದೆ. ಅವಳು ಕೇಳಿಸಿಕೊಂಡಳು. ಮಾತಿನಲ್ಲಿ ನನ್ನನ್ನು ಗೆದ್ದವರು ನಮ್ಮ ಸೀಮೆಯಲ್ಲಿ ಯಾರೂ ಇರಲಿಲ್ಲವಲ್ಲ.

ಮನೆ ಕಟ್ಟಿದೆ. ಹಂಚಿನ ಮನೆ, ಅಗಲವಾದ ಜಗಲಿ. ರಸ್ತೆಯ ಪಕ್ಕವೇ ಇರಬೇಕೆಂದು ಸರ್ಕಾರದವರು ನನ್ನ ಪಡುವಣಕ್ಕೆ ದನದ ದೊಡ್ಡಿ ಕಟ್ಟಿಸಿದರು. ಹೀಗೆ ಎರಡು ದಿಕ್ಕಿಗೆ ರಸ್ತೆ, ಒಂದು ದಿಕ್ಕಿಗೆ ದೊಡ್ಡಿ, ಹಿಂದೆ ನನ್ನದೇ ಕೊಟ್ಟಿಗೆ. ಜಗಲಿಯ ಮೇಲೆ ಕೂತರೆ ನೋಡಲು ಬೇಕಾದಷ್ಟಿತ್ತು. ಕೊಡಗಿನ ಕಡೆಗೆ ಹೋಗುವ ಗಾಡಿಗಳು, ಗುಡ್ಡೆ ಗುಡ್ಡೆ ಮರದ ದಿಮ್ಮಿ. "ಪಿರಿಯಾಪಟ್ಟಣಕ್ಕೆ ಇದೇ ದಾರಿಯಾ?" ಎಂದು ಕೇಳುವವರು ಸಾವಿರ. ನಾನು ದಾರಿ ತೋರಿಸುತ್ತಿದ್ದೆ, ಅವರು ಹೋಗುತ್ತಿದ್ದರು. ಊರಿನವರು ಮಾತ್ರ ಆ ಕಡೆ ಬರುತ್ತಿರಲಿಲ್ಲ. ನನ್ನ ಮೇಲೆ ಸಿಟ್ಟೇನೂ ಇಲ್ಲ. ಯಾವ ಕೆಲಸದ ದಾರಿಯೂ ನನ್ನ ಬಾಗಿಲ ಮುಂದೆ ಹಾಯುತ್ತಿರಲಿಲ್ಲ, ಅಷ್ಟೆ. ಹಳೆಯ ಊರಿನಲ್ಲಿ ನನ್ನನ್ನು ನೋಡಲೆಂದೇ ಬಂದವರು ಎಷ್ಟು ಜನ, ಹುಲ್ಲಿನ ಹೊರೆಗೆ ದಾರಿ ಬಿಡಲು ಜಗಲಿ ಹತ್ತಿದವರು ಎಷ್ಟು ಜನ ಎಂದು ನಾನು ಬಿಡಿಸಿ ನೋಡಿರಲಿಲ್ಲ. ನೀವು ಜಾಗ ಕೊಳ್ಳುವಾಗ ಮಣ್ಣು ನೋಡಿ, ನೀರು ನೋಡಿ, ಜೊತೆಗೆ ಬೆಳಗ್ಗೆ ಬಾವಿಗೆ ಹೋಗುವವರು ಯಾವ ಕಡೆಯಿಂದ ಹೋಗುತ್ತಾರೆಂದು ಒಂದು ದಿನ ನಿಂತು ನೋಡಿ.

ಸಿದ್ದಮ್ಮ ದಿನಾ ಬೆಳಗ್ಗೆ ಒಂದು ಕರಟ ಹಿಡಿದು ಕೆಂಡಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಬೆಂಕಿಪೊಟ್ಟಣವಿತ್ತು. ಬೀದಿಯುದ್ದಕ್ಕೂ ನಡೆದು, ನಂಜಮ್ಮನ ಒಲೆಯ ಮುಂದೆ ಕೂತು, ಬಿಸಿಲೇರಿದ ಮೇಲೆ ವಾಪಸು ಬರುವಳು. ಅಷ್ಟು ದೂರ ಬರುವಷ್ಟರಲ್ಲಿ ಕೆಂಡ ಬೂದಿಯಾಗಿರುತ್ತಿತ್ತು. ಅದನ್ನು ತಿಪ್ಪೆಗೆ ಕೊಡವಿ, ಕಡ್ಡಿ ಗೀರಿ ಒಲೆ ಹಚ್ಚುವಳು. ನಾನು ಮೊದಮೊದಲು ಹಾಸ್ಯ ಮಾಡಿದೆ. ಆಮೇಲೆ ಮಾಡಲಿಲ್ಲ. ಕೆಲವು ವರ್ಷ ಕಳೆಯುವಷ್ಟರಲ್ಲಿ ಅವಳ ಮಂಡಿ ಕೆಟ್ಟಿತು. ವಾರಕ್ಕೊಮ್ಮೆ ಹೋದಳು, ಆಮೇಲೆ ಹಬ್ಬಕ್ಕೆ. ಕೊನೆಗೆ ಜಗಲಿಯ ಕಂಬಕ್ಕೆ ಒರಗಿ ಬೀದಿಯ ಆ ತುದಿ ನೋಡುತ್ತಾ ಕೂತಳು. ಬಾಗಿಲು ಕಾಣುತ್ತಿತ್ತು, ನಾನು ಹೇಳಿದ್ದು ಸುಳ್ಳಲ್ಲ. ನಂಜಮ್ಮನಿಗೆ ಸೊಸೆಯಂದಿರು, ಬಾಣಂತನ, ಮನೆ ತುಂಬ ಕೆಲಸ, ಬಂದಾಗ ಬಂದಳು.

ಒಂದು ದಿನ ಸಿದ್ದಮ್ಮ ಯಾರನ್ನೂ ನೋಡದೆ ಹೇಳಿದಳು: "ನಂಗೆ ಆ ಕಡೆ ಒಂದು ಗುಡಿಸ್ಲು ಹಾಕ್ಕೊಟ್ರೂ ಸಾಕಿತ್ತು."

ಅಲ್ಲಿಯವರೆಗೆ ನಾನು ಯಾವ ವ್ಯಾಪಾರಕ್ಕೂ ಹಿಂದಕ್ಕೆ ಹೋದವನಲ್ಲ. ಮಾರನೆಯ ಬೆಳಗ್ಗೆ ಗಾಣದ ಮಲ್ಲಪ್ಪನ ಮನೆಗೆ ಹೋದೆ. "ಮಲ್ಲಪ್ಪ, ನಿನ್ ಮನೆ ನಂಗೆ ಕೊಡು, ನನ್ ಮೂಲೆ ಮನೆ ನೀನ್ ತಗೋ" ಎಂದೆ.

ಮಲ್ಲಪ್ಪ ಗಾಣ ನಿಲ್ಲಿಸಿದ. "ಯಾಕೆ?"

"ಸುಮ್ನೆ."

"ನೀನ್ ಸುಮ್ನೆ ಒಂದ್ ಅಡಿಕೆ ಚೂರೂ ಕೊಟ್ಟೋನಲ್ಲ ಕಣಪ್ಪ. ಏನದೆ ಅದ್ರಲ್ಲಿ?"

"ಏನೂ ಇಲ್ಲ. ಎರಡು ರಸ್ತೆ ಅದೆ, ಹಂಚಿನ ಮನೆ ಅದೆ."

"ಅದಿರ್ಲಿ. ಐಬು ಏನದೆ?"

ಕೊಟ್ಟಿಗೆಯನ್ನೂ ಬಿಟ್ಟುಕೊಡುತ್ತೇನೆಂದೆ. ಅವನ ಹುಬ್ಬು ಮೇಲೇರಿತು. ಜೊತೆಗೆ ಒಂದು ಜೋಡಿ ಎತ್ತನ್ನೂ ಕೊಡುತ್ತೇನೆಂದೆ. ಅವನು ಎದ್ದು ನಿಂತೇಬಿಟ್ಟ. "ಓ! ಅಷ್ಟೊಂದಾ? ಅಂಗಾದ್ರೆ ಬ್ಯಾಡವೇ ಬ್ಯಾಡ. ನೀನೇ ಇಷ್ಟು ಓಡೋಗ್ತಾ ಇದ್ದೀಯೆ ಅಂದ್ರೆ ಆ ಮನೆಗೆ ಏನೋ ಬರೋದದೆ." ಸಂಜೆಯ ಹೊತ್ತಿಗೆ ಊರೆಲ್ಲ ಸುದ್ದಿ. ಅಡಿಪಾಯದಲ್ಲಿ ಹುತ್ತವಿದೆಯಂತೆ, ರಸ್ತೆ ಅಗಲ ಮಾಡಲು ಸರ್ಕಾರದವರು ಮೂಲೆ ಮನೆಯನ್ನು ಒಡೆಯುತ್ತಾರಂತೆ, ಬಸಣ್ಣನಿಗೆ ಹುಣಸೂರಿನಲ್ಲಿ ಸುಳಿವು ಸಿಕ್ಕಿದೆಯಂತೆ. ಒಬ್ಬಿಬ್ಬರು ಬಂದು ನನ್ನ ಗೋಡೆಗಳನ್ನು ದೂರದಿಂದ ನೋಡಿಕೊಂಡು ಹೋದರು. ಮೂವತ್ತು ವರ್ಷ ಕಷ್ಟಪಟ್ಟು ಗಳಿಸಿದ ಜಾಣನೆಂಬ ಹೆಸರು ನನ್ನ ಎದುರಿಗೇ ಬಂದು ನಿಂತಿತು. ನಿಜ ಕಾರಣ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೆಂಡತಿಗೆ ಬೇಸರ, ನನಗೂ ಬೇಸರ, ನೆರೆ ಬೇಕು ಎಂದು ಸಂತೆಯಲ್ಲಿ ಪಳಗಿದ ಗಂಡಸು ಹೇಗೆ ಹೇಳುವುದು? ಹೇಳಿದ್ದರೂ ಮಲ್ಲಪ್ಪ ನಂಬುತ್ತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಮಾದಪ್ಪನ ಮನೆಯ ಇನ್ನೊಂದು ಪಕ್ಕ ಬಯಲು. ಆ ಬಯಲಿನ ಅಂಚಿನಲ್ಲಿ, ಅವನ ಗೋಡೆಗೆ ಸೇರಿಸಿ, ಒಂದು ಒಲೆ ಒಂದು ಚಾಪೆಯಷ್ಟು ಜಾಗ. ನಾನು ಪಂಚಾಯ್ತಿ ಸೇರಿಸಿ ಎಂದು ಪಟೇಲರನ್ನು ಕೇಳಿಕೊಂಡೆ.

ಅವರು ಬಯಲಿನಲ್ಲೇ ಸೇರಿಸಿದರು. ಹೊತ್ತೇರಿದ ಬಿಸಿಲು, ಒಂದು ಕಡೆ ರಾಗಿ ಒಣಗುತ್ತಿತ್ತು. ನನ್ನ ಬೇಡಿಕೆ ಹೇಳಿದೆ. ಹಿಂದಿನಿಂದ ಯಾರೋ ವಲ್ಲಿ ಕೊಡವಿಕೊಂಡು, ನನ್ನದೇ ದನಿ ಮಾಡಿ, "ನಮ್ಮಪ್ಪ ಗುಣಿಯಿಂದ ಎದ್ದು ಬಂದು ಕೇಳಿದ್ರೂ ಕೊಡ್ಬೇಡಿ" ಎಂದ. ಬಯಲೆಲ್ಲ ನಕ್ಕಿತು. ನಾನೂ ನಕ್ಕೆ. ನನ್ನ ದನಿಯನ್ನು ಚೆನ್ನಾಗಿಯೇ ಹಿಡಿದಿದ್ದ.

"ನೀವೇ ಬರೆಸಿದ್ದು ಬಸಣ್ಣ" ಎಂದರು ಪಟೇಲರು, ಮೆತ್ತಗೆ. "ಅವನು ಒಳ್ಳೇವನೇ ಇರ್ತಾನೆ, ಅವನ ಕಷ್ಟ ನಿಜವೇ ಇರ್ತದೆ ಅಂತ ಅದನ್ನೂ ಬರೆಸಿದ್ದೀರಿ. ಆದ್ರೂ ಗೋಡೆ ಮಾದಪ್ಪನ್ದು. ಅವನು ಆಗ್ಲಿ ಅಂದ್ರೆ ಊರವರು ಒಂದ್ ಕಣ್ಣು ಮುಚ್ಕೋತೀವಿ. ಏನಂತೀಯಪ್ಪ ಮಾದಪ್ಪ?"

ಮಾದಪ್ಪ ರಾಗಿಯ ಮೇಲೆ ಕೈ ಆಡಿಸುತ್ತಾ ಕೂತಿದ್ದ. ಅವನು ಒಪ್ಪುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಚಿಕ್ಕಂದಿನಿಂದ ನಾನು ಹೇಳಿದ್ದಕ್ಕೆ ಇಲ್ಲ ಎಂದವನಲ್ಲ.

"ಅವತ್ತು ನೀನು ಯೋಳಿದ್ದು ಸರಿಯಾಗಿತ್ತು ಬಸಣ್ಣ" ಎಂದ. "ಅದ್ಕೇ ನಾನು ಎಬ್ಬೆಟ್ಟು ಒತ್ತಿದ್ದು. ಬಯಲು ಬಯಲಾಗೇ ಇರ್ಲಿ."

"ಒಂದು ಚಾಪೆ ಜಾಗ ಕಣೋ ಮಾದ."

"ಪಕ್ಕದ್ ಸೈಟೇ ಬಂದಿತ್ತಲ್ಲ ನಿಂಗೆ. ಅಜ್ಜಿ ಕೈಯಿಂದ ಬಂದಿತ್ತು. ಊರ್ನೆಲ್ಲ ಕೇಳ್ಕೊಂಡು ಓಡಾಡ್ದೆ, ಯಾರ್‍ಯಾರ ತಾವಲೋ ವಲ್ಲಿ ಹಾಸ್ದೆ. ಬುಟ್ಟೋಗೋವಾಗ ನನ್ನ ಒಂದ್ ಮಾತು ಕೇಳ್ದಾ?" ಅವನ ದನಿಯಲ್ಲಿ ಜಗಳವಿರಲಿಲ್ಲ. ಮೊಳೆಯಿಲ್ಲದ ಬುಗುರಿಗೂ ಜಗಳ ಆಡದವನು. "ಮಲ್ಲಪ್ಪ ಸೌಟು ತಂದು ಪಕ್ಕದ್ ಸೈಟಲ್ಲಿ ಇಟ್ಟಾಗ್ಲೇ ನಮಗೆ ತಿಳಿದದ್ದು. ನಂಜಿ ಮೂರು ದಿನ ಒಲೆ ಹಚ್ಲಿಲ್ಲ."

ನಾನು ವಲ್ಲಿ ಮಡಚಿ ಹೆಗಲಿಗೆ ಹಾಕಿಕೊಂಡೆ. ಯಾರೋ ರಾಗಿ ತಿರುವಿ ಹಾಕಲು ಬಂದರು. ಪಂಚಾಯ್ತಿ ಎದ್ದಿತು. ಮಾದಪ್ಪ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಉಂಡ್ಕೊಂಡು ಓಗು" ಎಂದ. ಮನೆಯಲ್ಲಿ ಕಾಯುತ್ತಿರುತ್ತಾಳೆ ಎಂದು ಹೇಳಿ ಹೊರಟೆ.

ನೆಟ್ಟಗಿನ ಬೀದಿ. ಹೆಜ್ಜೆ ಹಾಕುತ್ತಾ ಹೋದಂತೆ ಜಗಲಿಯ ಕಂಬ, ಕಂಬಕ್ಕೆ ಒರಗಿದ ಸಿದ್ದಮ್ಮ ಕಾಣುತ್ತಿದ್ದಳು. ಅವಳಿಗೂ ನಾನು ಅಷ್ಟು ದೂರದಿಂದಲೇ ಕಾಣುತ್ತಿದ್ದೆ. ನಡುವೆ ಮುಖ ಸರಿಮಾಡಿಕೊಳ್ಳಲು ಒಂದು ತಿರುವೂ ಇರಲಿಲ್ಲ.

"ಕೊಟ್ರಾ?" ಎಂದಳು. ಎದ್ದು ನಿಲ್ಲಲು ನೋಡಿದಳು.

ಊರು ನನಗೆ ಇಲ್ಲ ಎಂದಿತು ಎಂದು ನಾನು ಅವಳೆದುರು ಹೇಳಬೇಕಿತ್ತು. ಮಾದಪ್ಪ ಇಲ್ಲ ಎಂದ ಎನ್ನಬೇಕಿತ್ತು. ಬಾಯಿ ತೆರೆದೆ, ವ್ಯಾಪಾರಿಯ ಬಾಯಿ. "ಕೊಡ್ತೀವಿ ಅಂದ್ರು. ನಾನೇ ಬ್ಯಾಡ ಅಂದೆ. ಆ ಕಡೆ ತಿಪ್ಪೆ ವಾಸನೆ, ಗದ್ಲ. ಈ ಮೂಲೆ ಬುಟ್ಟು ಯಾರಾದ್ರೂ ಓಯ್ತಾರಾ?"

ಸಿದ್ದಮ್ಮ "ಊಂ" ಎಂದಳು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು, ಮುದ್ದೆಗೆ ಎಸರಿಡಲು ಒಳಗೆ ಹೋದಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ; ಬಂದಾಗ ನಂಜಮ್ಮನೂ ನಾಚಿಕೆಗೆ ಎತ್ತಲಿಲ್ಲ. ಇನ್ನೂ ಎರಡು ವರ್ಷ ಇದ್ದಳು. ಕಂಬಕ್ಕೆ ಒರಗಿ ಕೂರುವಾಗ ಮುಖವನ್ನು ಬೀದಿಯ ಕಡೆಗೆ ಬಿಟ್ಟು ರಸ್ತೆಯ ಕಡೆಗೆ ತಿರುಗಿಸಿಕೊಂಡಳು.

ಅವಳು ತೀರಿಕೊಂಡ ದಿನ ಊರೆಲ್ಲ ಬಂದಿತ್ತು. ಜಗಲಿ ಸಾಲಲಿಲ್ಲ. ನಂಜಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಾ, "ಒಂದು ಚಾಪೆ ಜಾಗ ಕೊಡ್ನಿಲ್ಲವಲ್ಲೇ ನಾವು" ಎಂದು ಹೇಳಿ ಹೇಳಿ ಹಣೆ ಚಚ್ಚಿಕೊಂಡಳು. ಸಿದ್ದಮ್ಮನಿಗೆ ಅದು ಕೇಳಿಸುವಂತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು, ಊರವರು ಕೊಟ್ಟಿದ್ದರು, ಗಂಡನೇ ಬೇಡವೆಂದ ಎಂದು.